ಗಾಲಿ ವಕೀಲರು

ನಮ್ಮ ವಕೀಲರು ಯಾರನ್ನಾದರೂ ಮೊದಲ ಸಲ ಕಂಡಾಗ ಮುಖ ನೋಡುತ್ತಿರಲಿಲ್ಲ. ತಲೆಯಿಂದ ಕಾಲಿನವರೆಗೆ ಒಮ್ಮೆ ಕಣ್ಣಾಡಿಸಿ, ಈ ಮನುಷ್ಯ ಎಷ್ಟು ಭಾರ ಇದ್ದಾನು ಎಂದು ಮನಸ್ಸಿನಲ್ಲೇ ತೂಗುತ್ತಿದ್ದರು. ನಾನು ವಕಾಲತ್ತಿನ ಪರೀಕ್ಷೆ ಪಾಸು ಮಾಡಿ, ಯಲಬುರ್ಗಿಯಿಂದ ಕೊಪ್ಪಳಕ್ಕೆ ಬಂದು, ಅವರ ಮನೆಯ ಕಟ್ಟೆಯ ಮುಂದೆ ಕೈಮುಗಿದು ನಿಂತ ದಿನ ಅವರು ಕೇಳಿದ ಮೊದಲ ಪ್ರಶ್ನೆ ಕಾಯಿದೆಗೆ ಸಂಬಂಧಿಸಿದ್ದಲ್ಲ.

“ಊಟಾ ಜಾಸ್ತಿ ಮಾಡ್ತೀಯೇನು?”

“ಇಲ್ರಿ, ಸಾಧಾರಣ.”

“ಛಲೋ ಆತು. ಹಂಗಾದ್ರ ನೀನು ಹಿಂದ ಎಡಕ್ಕ ಕುಂದ್ರಬಹುದು.”

ಹಿಂದೆ ಎಡಕ್ಕೆ ಎಂದರೆ ಅವರ ಮೋಟಾರಿನ ಹಿಂದಿನ ಸೀಟಿನ ಎಡಭಾಗ. ಆ ಗಾಲಿ ಉಳಿದ ಮೂರಕ್ಕಿಂತ ನಾಜೂಕು ಎಂಬುದು ಅವರ ದೃಢವಾದ ನಂಬಿಕೆ. ಸಣಕಲನಾದ ನನಗೆ ಆ ಸ್ಥಾನ ಸಿಕ್ಕಿದ್ದು ಆ ಕಾರಣಕ್ಕೆ. ಅವರ ಕೈಕೆಳಗಿನ ಕಿರಿಯ ವಕೀಲನಾಗಿ ಸೇರಿದ್ದೂ ಅದೇ ಕಾರಣಕ್ಕೆ ಇರಬೇಕೆಂದು ನನಗೆ ಬಹಳ ದಿನ ಅನುಮಾನವಿತ್ತು.

ಮೊನ್ನೆ ಅವರು ತೀರಿಕೊಂಡಾಗ ಕೊಪ್ಪಳದ ವಕೀಲರೆಲ್ಲ ಕೂಡಿ ಸಂತಾಪದ ಸಭೆ ಮಾಡಿದರು. ಅವರ ವಾದದ ವೈಖರಿ, ಉರ್ದು ಭಾಷೆಯ ಮೇಲಿನ ಹಿಡಿತ, ಶೇರವಾನಿಯ ಠೀವಿ ಎಲ್ಲವನ್ನೂ ಹೊಗಳಿದರು. ಗಾಲಿಯ ಮಾತು ಮಾತ್ರ ಒಬ್ಬರೂ ಎತ್ತಲಿಲ್ಲ. ಸತ್ತವರ ಬಗ್ಗೆ ಹಾಗೆ ಆಡಬಾರದು ಎಂದುಕೊಂಡರೋ ಏನೋ. ಊರೆಲ್ಲ ಅವರನ್ನು ಬೆನ್ನ ಹಿಂದೆ ಗಾಲಿ ವಕೀಲರು ಎಂದೇ ಕರೆಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇತ್ತು. ಗಾಲಿ ಬಿಟ್ಟು ಅವರ ಬಗ್ಗೆ ಮಾತಾಡುವುದು ನನ್ನಿಂದಾಗದ ಕೆಲಸ.

ಮೋಟಾರು ಹೊಸಪೇಟೆಯ ಒಬ್ಬ ವ್ಯಾಪಾರಿಯಿಂದ ಕೊಂಡದ್ದು, ಹಳೆಯದು. ಅದರ ಬಣ್ಣ ಹೋಗಿತ್ತು, ಬಾಗಿಲಿಗೆ ಹಗ್ಗ ಕಟ್ಟಿದ್ದರು, ಭೋಂಗಾ ಒತ್ತಿದರೆ ಕೋಳಿಗೆ ಗಂಟಲು ಕಟ್ಟಿದಂಥ ಸದ್ದು ಬರುತ್ತಿತ್ತು. ಇದಾವುದರ ಬಗ್ಗೆಯೂ ನಮ್ಮ ವಕೀಲರಿಗೆ ಚಿಂತೆಯಿರಲಿಲ್ಲ. “ಮ್ಯಾಲಿನದೆಲ್ಲಾ ಶೋಕಿ. ನೆಲಾ ಮುಟ್ಟೋದು ನಾಕ ಜಾಗಾದಾಗ” ಎನ್ನುತ್ತಿದ್ದರು. ಬೆಳಿಗ್ಗೆ ಬಿಸಿಲೇರುವ ಮೊದಲು, ಗಾಲಿಗಳಿನ್ನೂ ತಣ್ಣಗಿರುವಾಗ, ಬನಿಯನ್, ಲುಂಗಿಯಲ್ಲಿ ಅಂಗಳಕ್ಕೆ ಇಳಿಯುತ್ತಿದ್ದರು. ಮುಂದಿನ ಬಲಗಾಲಿಯಿಂದ ಶುರು. ಗಾಳಿ ತುಂಬುವ ತೂತಿನ ಪುಟ್ಟ ಮುಚ್ಚಳ ಬಿಚ್ಚಿ, ಪೆನ್ನಿನಾಕಾರದ ಒಂದು ಅಳತೆಗೋಲನ್ನು ಅದಕ್ಕೆ ಒತ್ತಿ ಹಿಡಿದರೆ, ಅದರ ಬಾಲದಿಂದ ಗೀಟು ಹಾಕಿದ ಕಡ್ಡಿಯೊಂದು ಹೊರಗೆ ಬರುತ್ತಿತ್ತು. ಎಷ್ಟು ಗೀಟು ಕಂಡರೆ ಅಷ್ಟು ಪೌಂಡು ಗಾಳಿ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ನಾಡಿ ನೋಡಿದ ವೈದ್ಯರ ಹಾಗೆ ತಲೆಯಾಡಿಸಿ, ಆಮೇಲೆ ತೀರ್ಪು.

“ಇದು ಕುಗ್ಗೇತಿ. ಹೊಡಿ.”

ಹೊಡಿ ಎಂದರೆ ಪಂಪು ಹೊಡಿ ಎಂದರ್ಥ. ಆ ಕೆಲಸ ನನ್ನದು. ಕಾಯಿದೆ ಓದಿ ಗಳಿಸಿದ ಸನದು ಮನೆಯ ಗೋಡೆಯ ಮೇಲೆ ನೇತಾಡುತ್ತಿರಲು ನಾನು ಅಂಗಳದಲ್ಲಿ ಬಸ್ಕಿ ಹೊಡೆದ ಹಾಗೆ ಎದ್ದು ಕೂತು ಪಂಪು ಒತ್ತುತ್ತಿದ್ದೆ. ಅವರ ಹೆಂಡತಿ ತುಳಸಿಗೆ ನೀರು ಹಾಕಿ ಬರುತ್ತ ನನ್ನ ಕಡೆ ನೋಡಿ ನಗುತ್ತಿದ್ದರು. “ನಾನು ತುಳಸಿ ಸುತ್ತತೇನಿ, ಅವರು ಮೋಟಾರ ಸುತ್ತತಾರ. ಯಾರಿಗೆ ಪುಣ್ಯ ಜಾಸ್ತಿ ಬರತೈತಿ ನೋಡೂಣು” ಎನ್ನುವರು. ಪಂಕ್ಚರಾದ ಟ್ಯೂಬನ್ನು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಲು ವಕೀಲರು ಆ ತಾಯಿಯ ಸ್ನಾನದ ತಾಮ್ರದ ಹಂಡೆಯನ್ನೇ ಬಳಸುತ್ತಿದ್ದರು. ಆ ಒಂದು ವಿಷಯಕ್ಕೆ ಮಾತ್ರ ಮನೆಯಲ್ಲಿ ನಿಜವಾದ ಜಗಳ ಆಗುತ್ತಿತ್ತು. ಆ ಜಗಳದಲ್ಲಿ ವಕೀಲರು ಸೋತದ್ದನ್ನೂ, ಮರುವಾರ ಹಂಡೆ ಮತ್ತೆ ಅಂಗಳಕ್ಕೆ ಬಂದದ್ದನ್ನೂ ನಾನು ಹಲವು ಸಲ ಕಂಡಿದ್ದೇನೆ.

ನಮ್ಮ ಕಡೆಯ ರಸ್ತೆಗಳು ಆಗ ಎತ್ತಿನ ಬಂಡಿಗಳವು. ಮೋಟಾರಿನ ಗಾಲಿಗೆ ಎರಡು ವೈರಿಗಳು: ಒಂದು ಜಾಲಿಮುಳ್ಳು, ಇನ್ನೊಂದು ಎತ್ತಿನ ಗೊರಸಿನಿಂದ ಉದುರಿದ ನಾಲಿನ, ಅಂದರೆ ಲಾಳದ, ಮೊಳೆ. ವಕೀಲರು ಒಂದು ಚಿಮಟಿಯಲ್ಲಿ ಅವನ್ನು ಗಾಲಿಯಿಂದ ಕಿತ್ತು ತೆಗೆಯುತ್ತಿದ್ದರು. ಮುಳ್ಳನ್ನು ಎಸೆಯುವರು, ಮೊಳೆಯನ್ನು ಎಸೆಯರು. ಒಂದು ಡಬ್ಬಿಯಲ್ಲಿ ಕೂಡಿಹಾಕಿ, ಸಂತೆಯ ದಿನ ನಾಲು ಬಡಿಯುವವನ ಮುಂದೆ ಹೋಗಿ ಸುರಿಯುವರು. “ತಗೋ, ನಿನ್ನ ಸಾಮಾನು. ಎತ್ತಿನ ಕಾಲಾಗ ನಿಂದ್ರಂಗ ಬಡಿ, ನನ್ನ ಗಾಲ್ಯಾಗಲ್ಲ.” ಅವನೂ ಏನು ಕಡಿಮೆ ಆಸಾಮಿಯಲ್ಲ. “ಸಾಹೇಬ್ರ, ಎತ್ತಿನ ಕಾಲಿಗಿಂತ ನಿಮ್ಮ ಗಾಲಿ ಗಟ್ಟಿ ಹಿಡಕೊಂತೈತಿ ನೋಡ್ರಿ” ಎಂದು ನಕ್ಕು ಮೊಳೆಗಳನ್ನು ಆರಿಸಿಕೊಳ್ಳುತ್ತಿದ್ದ.

ಕಕ್ಷಿದಾರರನ್ನು ಕೂರಿಸುವ ವಿಷಯದಲ್ಲಿ ಅವರು ಯಾರ ಮುಲಾಜೂ ನೋಡುತ್ತಿರಲಿಲ್ಲ. ಗಂಗಾವತಿಯ ಒಬ್ಬ ಸಾಹುಕಾರರು, ಸಾಕಷ್ಟು ಗಾತ್ರದವರು, ತಮ್ಮ ಊರಿನ ಅದಾಲತ್ತಿಗೆ ಹೊರಟಾಗ ಗತ್ತಿನಿಂದ ಬಂದು ಹಿಂದಿನ ಎಡಗಡೆ ಕುಳಿತರು. ವಕೀಲರು ಮೋಟಾರು ಶುರು ಮಾಡಲೇ ಇಲ್ಲ.

“ಸಾಹುಕಾರ್ರ, ಜರಾ ಈ ಕಡೆ ಸರೀರಿ.”

“ಯಾಕ್ರಿ, ಇಲ್ಲಿ ಗಾಳಿ ಛಲೋ ಬರತೈತಿ.”

“ನಿಮಗ ಗಾಳಿ ಬರತೈತ್ರಿ, ಗಾಲಿದು ಹೋಗತೈತಿ.”

ಸಾಹುಕಾರರು ಸರಿದರು. ಗಂಗಾವತಿಯವರೆಗೂ ಮುಖ ಊದಿಸಿಕೊಂಡಿದ್ದರು. ಆದರೆ ವಕಾಲತ್ತು ಹಿಂತೆಗೆದುಕೊಳ್ಳಲಿಲ್ಲ. ಅಷ್ಟು ಒಳ್ಳೆಯ ವಕೀಲರು ಸುತ್ತಲಿನ ತಾಲ್ಲೂಕುಗಳಲ್ಲಿ ಇರಲಿಲ್ಲ.

ಆ ಅಳತೆಗೋಲು ಸದಾ ಅವರ ಶೇರವಾನಿಯ ಎದೆಜೇಬಿನಲ್ಲಿ, ಪೆನ್ನಿನ ಪಕ್ಕ. ಒಂದು ಸಲ ಭರ್ತಿ ಕೋರ್ಟಿನಲ್ಲಿ ಸಹಿ ಮಾಡಲು ಪೆನ್ನಿನ ಬದಲು ಅದನ್ನೇ ತೆಗೆದು ಕಾಗದದ ಮೇಲೆ ಒತ್ತಿದರು. ಮುನ್ಸಿಫರು ಹೈದರಾಬಾದಿನ ಕಡೆಯವರು, ಹಾಸ್ಯಪ್ರಿಯರು.

“ವಕೀಲ್ ಸಾಬ್, ಇದರಾಗ ಮಸಿ ಯಾವ ಬಣ್ಣದ್ದೈತಿ?”

“ಹುಜೂರ್, ಇದರಾಗ ಮಸಿ ಇಲ್ಲ. ಬರೇ ಗಾಳಿ.”

“ಹಂಗಾದ್ರ ನಿಮ್ಮ ಈ ದಾವಾಕ್ಕ ಅದ ಬರಾಬರಿ ಐತಿ, ಸಹಿ ಮಾಡ್ರಿ.”

ಈ ಪ್ರಸಂಗವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವರು ನಮ್ಮ ವಕೀಲರೇ. ತಮ್ಮ ಮೇಲೆ ನಗುವುದಕ್ಕೆ ಅವರು ಯಾರನ್ನೂ ಕಾಯುತ್ತಿರಲಿಲ್ಲ.

ಆನೆಗೊಂದಿಗೆ ಒಂದು ಜಮೀನಿನ ತಕರಾರು ನೋಡಲು ಹೋದಾಗಿನ ಮಾತು ನೆನಪಾಗುತ್ತದೆ. ಹೊಳೆಯ ದಂಡೆಯಲ್ಲಿ ಅಂಬಿಗನೊಬ್ಬ ಹರಿಗೋಲನ್ನು ಬೋರಲು ಹಾಕಿಕೊಂಡು ಅದರ ತೂತಿಗೆ ಡಾಂಬರು ಮೆತ್ತಿ ತೇಪೆ ಹಚ್ಚುತ್ತಿದ್ದ. ವಕೀಲರು ಅಲ್ಲೇ ಒಂದು ಬಂಡೆಯ ಮೇಲೆ ಕೂತುಬಿಟ್ಟರು. ತೇಪೆಯ ಅಂಚು ಹೇಗೆ ಕೆರೆಯುತ್ತಿ, ಒಣಗಲು ಎಷ್ಟು ಬಿಡುತ್ತಿ, ಬಿಸಿಲಿಗೆ ಬಿಡುವುದಿಲ್ಲವೇ ಎಂದು ಅವನನ್ನು ಪಾಟೀಸವಾಲಿಗೆ ಎಳೆದರು. ಅಂಬಿಗ ನಮ್ಮ ಮೋಟಾರಿನ ಕಡೆ ನೋಡಿ ಹೇಳಿದ: “ನಂದು ನೀರು ಒಳಗ ಬರಬಾರದ್ರಿ, ನಿಮ್ಮದು ಗಾಳಿ ಹೊರಗ ಹೋಗಬಾರದು. ಮತ್ತೇನಿಲ್ಲ.” ವಕೀಲರಿಗೆ ಎಷ್ಟು ಖುಷಿಯಾಯಿತೆಂದರೆ, ಬಾಳೆಯ ತೋಟದ ಗಡಿಯಲ್ಲಿ ಎರಡೂ ಪಕ್ಷದವರು ಬಿಸಿಲಲ್ಲಿ ಕಾಯುತ್ತಿದ್ದುದು ಅವರಿಗೆ ಮರೆತೇಹೋಯಿತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಅವರು ಬೇಸತ್ತು ತಮ್ಮತಮ್ಮಲ್ಲೇ ರಾಜಿಯಾಗಿದ್ದರು.

ಇಂಥ ಮನುಷ್ಯನಿಗೆ ಸರಿಜೋಡಿಯಾದ ಎದುರಾಳಿ ಎಂದರೆ ಕುಷ್ಟಗಿಯ ಡಾಕ್ಟರಬಾಯಿ. ಧಾರವಾಡದ ಕಡೆಯವರು, ಕುಷ್ಟಗಿಯಲ್ಲಿ ಸ್ವಂತ ದವಾಖಾನೆ ತೆಗೆದಿದ್ದರು. ದಪ್ಪ ಕನ್ನಡಕ, ಕಚ್ಚೆ ಸೀರೆ, ದೊಡ್ಡ ದನಿ. ಅವರ ಬಳಿಯೂ ಒಂದು ಮೋಟಾರಿತ್ತು, ವಕೀಲರ ಮೋಟಾರಿನ ಜಾತಿಯದೇ, ಗಾಲಿಯ ಅಳತೆಯೂ ಒಂದೇ. ಅವರೇ ನಡೆಸುತ್ತಿದ್ದರು. ನಡೆಸುತ್ತಿದ್ದರು ಎನ್ನುವುದಕ್ಕಿಂತ ಓಡಿಸುತ್ತಿದ್ದರು. ಕಲ್ಲು, ಹಳ್ಳ, ಮುಳ್ಳು ಯಾವುದನ್ನೂ ಲೆಕ್ಕಕ್ಕಿಟ್ಟುಕೊಳ್ಳುತ್ತಿರಲಿಲ್ಲ. ಚಪ್ಪಲಿ ಸವೆದಂತೆ ಗಾಲಿಯೂ ಸವೆಯುತ್ತದೆ, ಅದಕ್ಕೆ ಯಾಕೆ ಗದ್ದಲ ಎಂಬುದು ಅವರ ನಿಲುವು.

ಯಲಬುರ್ಗಿಯ ಕಚೇರಿಯ ಮುಂದೆ ಒಂದು ದಿನ ಇಬ್ಬರ ಮೋಟಾರುಗಳೂ ಪಕ್ಕಪಕ್ಕ ನಿಂತವು. ನಮ್ಮ ವಕೀಲರು ಇಳಿದವರೇ ಅವರ ಮೋಟಾರಿನ ಮುಂದೆ ಮಂಡಿಯೂರಿದರು.

“ಬಾಯಾರ, ನಿಮ್ಮ ಮುಂದಿನ ಬಲಗಾಲಿ ಅಳಾಕತ್ತೈತ್ರಿ.”

“ವಕೀಲರ, ನನ್ನ ಹಂತ್ಯಾಕ ಅಳೋ ಮಂದಿ ಭಾಳ ಅದಾರ. ಗಾಲಿ ತನ್ನ ಪಾಳೆ ಬರೂಮಟ ಕಾಯ್ಲಿ.”

“ಗಾಳಿ ಕಡಿಮಿ ಇದ್ರ ಅಂಚು ಸವೀತೈತ್ರಿ. ಒಂದ ಕಡೆ ನೋಡ್ರಿ, ಹೆಂಗ ಬೋಳಾಗೇತಿ.”

“ನಿಮ್ಮ ತಲಿನೂ ಬೋಳಾಗೇತಿ. ಅದಕ್ಕೂ ಗಾಳಿ ಕಡಿಮಿ ಆಗಿತ್ತೇನು?”

ಸುತ್ತ ನಿಂತವರೆಲ್ಲ ನಕ್ಕರು. ವಕೀಲರು ನಗಲಿಲ್ಲ. ಬಾಯಾರು ಒಳಗೆ ಹೋಗುವವರೆಗೆ ಕಾದು, ನನ್ನ ಕೈಯಿಂದ ಪಂಪು ತರಿಸಿ, ವೈರಿಯ ನಾಲ್ಕೂ ಗಾಲಿಗೆ ಗಾಳಿ ಹೊಡೆಸಿದರು. “ಅವರ ಮ್ಯಾಲಿನ ಸಿಟ್ಟು ಗಾಲಿ ಮ್ಯಾಲ ಯಾಕ” ಎಂದರು.

ಆಮೇಲೆ ಯುದ್ಧದ ವರ್ಷಗಳು ಬಂದವು. ಮೊದಲು ಪೆಟ್ರೋಲು ಅಪರೂಪವಾಯಿತು. ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆಯ ಡ್ರಮ್ಮು ಕಟ್ಟಿ, ಅದರ ಹೊಗೆಯಿಂದ ಓಡಿಸುವ ಉಪಾಯ ಬಂತು. ಡಾಕ್ಟರಬಾಯಿ ತಮ್ಮ ಮೋಟಾರಿಗೂ ಅಂಥದೊಂದು ಡ್ರಮ್ಮು ಕಟ್ಟಿಸಿದರು. ನಮ್ಮ ವಕೀಲರು ಕಟ್ಟಿಸಲಿಲ್ಲ. ಅಷ್ಟು ಭಾರವನ್ನು ಹಿಂದಿನ ಗಾಲಿಗಳು ಹೊರಲಾರವು ಎಂದರು. ಹೀಗಾಗಿ ಅವರ ಮೋಟಾರು ಪೆಟ್ರೋಲು ಸಿಕ್ಕಾಗ ಮಾತ್ರ ಹೊರಗೆ ಬರುತ್ತಿತ್ತು. ಆದರೂ ಬೆಳಗಿನ ತಪಾಸಣೆ ತಪ್ಪಲಿಲ್ಲ. ಪೆಟ್ರೋಲಿನ ಬೆನ್ನಿಗೆ ರಬ್ಬರು ಮಾಯವಾಯಿತು. ಹೊಸ ಟಯರು ಎಂಬುದು ಕತೆಯಲ್ಲಿ ಕೇಳುವ ವಸ್ತುವಾಯಿತು. ಸುತ್ತಲಿನ ಮೋಟಾರುಗಳೆಲ್ಲ ಒಂದೊಂದಾಗಿ ನಿಂತುಹೋದವು. ನಮ್ಮವರ ಐದೂ ಗಾಲಿ ಮಾತ್ರ, ಸ್ಟೆಪ್ನಿಯನ್ನೂ ಸೇರಿಸಿ, ಗಟ್ಟಿಮುಟ್ಟಾಗಿ ಇದ್ದವು. ನೋಡಲು ಬೇರೆ ಊರಿನವರೂ ಬರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕುಷ್ಟಗಿ, ಯಲಬುರ್ಗಿಯ ನಡುವಿನ ಹಳ್ಳಿಗಳಲ್ಲಿ ಕಾಲರಾ ಕಾಣಿಸಿತು. ಒಂದು ಬೆಳಿಗ್ಗೆ ವಕೀಲರು ಗಾಲಿಯ ಮುಂದೆ ಕೂತಿದ್ದಾಗ ಅಂಗಳದಲ್ಲಿ ಡಾಕ್ಟರಬಾಯಿ ಬಂದು ನಿಂತರು. ಇದ್ದಿಲ ಬಸ್ಸಿನಲ್ಲಿ ಬಂದದ್ದರಿಂದ ಮುಖವೆಲ್ಲ ಮಸಿ.

“ವಕೀಲರ, ನಿಮ್ಮ ಗಾಲಿ ಬೇಕಾಗ್ಯಾವ.”

ವಕೀಲರು ಚೇಷ್ಟೆ ಎಂದುಕೊಂಡು ನಕ್ಕರು. ಬಾಯಾರು ನಗಲಿಲ್ಲ.

“ನನ್ನವು ಹರದು ಒಳಗಿನ ಬಟ್ಟಿ ಕಾಣಾಕತ್ತಾವ. ಹುಬ್ಬಳ್ಳಿ, ಬಳ್ಳಾರಿ ಎರಡೂ ಕಡೆ ಹೇಳಿ ಕಳಿಸೇನಿ, ಎಲ್ಲೂ ಸಿಗೂದಿಲ್ಲ. ಬಂಡ್ಯಾಗ ಹೋಗಿ ಮುಟ್ಟೂದ್ರಾಗ ಮಂದಿ ಸಾಯಾಕತ್ತಾರ.”

“ಎರಡು ಕೊಡ್ತೇನ್ರಿ.”

“ಎರಡು ಗಾಲಿ ಮ್ಯಾಲ ಮೋಟಾರ ಹೆಂಗ ನಿಂದ್ರತೈತಿ?”

ವಕೀಲರು ಎದ್ದರು. ಮೋಟಾರಿನ ಸುತ್ತ ಒಂದು ಸುತ್ತು ಹಾಕಿದರು. ಪ್ರತಿ ಗಾಲಿಯ ಮೇಲೂ ಅಂಗೈ ಇಟ್ಟು ಇಟ್ಟು ತೆಗೆದರು. ಅವರ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. ನನಗೆ ಇವರು ಒಲ್ಲೆ ಎನ್ನುತ್ತಾರೆ ಎಂದೇ ಅನಿಸಿತು. ಆಗ ವಕೀಲರು ಕೇಳಿದರು: “ಆ ಇದ್ದಿಲಿ ಡ್ರಮ್ಮು ಎಷ್ಟ ಭಾರ ಐತ್ರಿ?”

ಕೊಟ್ಟರು ಎಂದು ನನಗೆ ಆ ಕ್ಷಣವೇ ತಿಳಿಯಿತು.

ಆ ಮುಂಜಾನೆಯೆಲ್ಲ ಪಾಠ ನಡೆಯಿತು. ಡ್ರಮ್ಮಿನ ಭಾರಕ್ಕೆ ಹಿಂದಿನ ಗಾಲಿಗಳಿಗೆ ಇಷ್ಟು ಪೌಂಡು ಹೆಚ್ಚು. ನೋಡುವುದು ಬೆಳಿಗ್ಗೆ ತಣ್ಣಗಿರುವಾಗ ಮಾತ್ರ. ಮಧ್ಯಾಹ್ನ ಕಾದು ಬಿಗಿಯಾಗಿದೆ ಎಂದು ಗಾಳಿ ಬಿಟ್ಟರೆ ಸಂಜೆಗೆ ಗಾಲಿ ಕುಸಿಯುತ್ತದೆ. ತಿರುಪುಗಳನ್ನು ಒಂದರ ಪಕ್ಕ ಒಂದನ್ನು ಬಿಗಿಯಬಾರದು, ಒಂದಾದ ಮೇಲೆ ಅದರ ಎದುರಿನದು. ದಿನಕ್ಕೊಮ್ಮೆಯಾದರೂ ಇಳಿದು ಮುಳ್ಳು ತೆಗೆಯಬೇಕು. ಡಾಕ್ಟರಬಾಯಿ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಎಲ್ಲವನ್ನೂ ಕೇಳಿಕೊಂಡು, ಹೇಳಿದ್ದನ್ನು ತಿರುಗಿ ಒಪ್ಪಿಸಿದರು. ಕೊನೆಗೆ ವಕೀಲರು ಜೇಬಿನ ಅಳತೆಗೋಲನ್ನೂ ತೆಗೆದು ಕೊಟ್ಟರು. ನಾಲ್ಕು ಗಾಲಿ ಮತ್ತು ಸ್ಟೆಪ್ನಿಯನ್ನು ಬಸ್ಸಿನ ಮೇಲೆ ಹೇರಿ ಕಳಿಸಿದೆವು. ಮೋಟಾರು ಕಲ್ಲುಗಳ ಮೇಲೆ ಕೂತಿತು.

ಅಂದಿನಿಂದ ವಕೀಲರು ಕೋರ್ಟಿನ ವಿಚಾರಣೆಯ ಪೇಶಿಗೆ ಎತ್ತಿನ ಬಂಡಿಯಲ್ಲಿ. ಊರ ಪಕ್ಕದ ಭಾಗ್ಯನಗರದ ಒಬ್ಬ ಬಂಡಿಯವನನ್ನು ಗೊತ್ತು ಮಾಡಿದ್ದರು. ಎರಡನೆಯ ಪ್ರಯಾಣಕ್ಕೇ ಅವನು ನನ್ನ ಮುಂದೆ ಗೋಳಾಡಿದ: “ರೀ, ನಿಮ್ಮ ಸಾಹೇಬ್ರು ಹರದಾರಿಗೊಮ್ಮೆ ಇಳದು ಅಚ್ಚು ನೋಡತಾರ, ಕೀಲೆಣ್ಣಿ ಬೆರಳಿಗೆ ಹಚ್ಚಕೊಂಡು ಮೂಸತಾರ. ಎತ್ತಿಗೂ ನಾಚಿಕಿ ಬಂದೈತಿ.” ಗಂಗಾವತಿಗೆ ತಡವಾಗಿ ಮುಟ್ಟಿ ಒಂದೆರಡು ಪೇಶಿ ತಪ್ಪಿದವು. ಗಾಲಿ ಇಲ್ಲದ ಗಾಲಿ ವಕೀಲರು ಎಂದು ಜನ ಹಾಸ್ಯ ಮಾಡಿದರು. ಅವರು ಅದಕ್ಕೂ ನಕ್ಕರು.

ಆ ನಡುವೆ ಯಲಬುರ್ಗಿ ಕಡೆಯ ಗೌಡರೊಬ್ಬರು ಕಚೇರಿಗೆ ಬಂದವರು ಡಾಕ್ಟರಬಾಯಿಯ ಸುದ್ದಿ ತೆಗೆದರು. “ಆ ಬಾಯಾರದು ಏನ್ ಹೇಳಬೇಕ್ರಿ! ಊರ ಮುಂದ ಇಳದ ಕೂಡ್ಲೆ ಮೊದಲ ಗಾಲಿ ಸುತ್ತ ಬರತಾಳ, ಮುಳ್ಳ ಕೀಳತಾಳ, ಆಮ್ಯಾಲ ಸೂಜಿ ಚುಚ್ಚತಾಳ.” ನಮ್ಮ ವಕೀಲರು ಕಾಗದದಿಂದ ತಲೆ ಎತ್ತಲಿಲ್ಲ. ಗೌಡರು ಹೋಗಲು ಎದ್ದಾಗ ಮಾತ್ರ, “ಗೌಡ್ರ, ಮುಳ್ಳ ಕೀಳತಾರ ಅಂದ್ರಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ” ಎಂದರು.

ಆದರೆ ಮನಸ್ಸು ತಡೆಯಲಿಲ್ಲ. ಕೋರ್ಟಿಗೆ ಬೇಸಿಗೆಯ ರಜೆ ಬಿದ್ದದ್ದೇ ತಡ, ನನ್ನನ್ನು ಕರೆದುಕೊಂಡು ಇದ್ದಿಲ ಬಸ್ಸು ಹತ್ತಿ ಕುಷ್ಟಗಿಗೆ ಹೊರಟರು. “ಬರೇ ಗಾಲಿ ನೋಡಿ ಬಂದುಬಿಡೂಣು” ಎಂದರು. ಬಾಯಾರು ದವಾಖಾನೆಯಲ್ಲಿರಲಿಲ್ಲ, ಹತ್ತಿರದ ಹಳ್ಳಿಯಲ್ಲಿದ್ದಾರೆಂದು ತಿಳಿದು ಅಲ್ಲಿಗೆ ನಡೆದೆವು. ಊರ ಮುಂದಿನ ಬೇವಿನ ಮರದ ಕೆಳಗೆ ರೋಗಿಗಳು ಮಲಗಿದ್ದ ಹೊರಸುಗಳ ಸಾಲು. ಮೋಟಾರು ಅಲ್ಲೇ ನಿಂತಿತ್ತು. ವಕೀಲರು ನೇರವಾಗಿ ಅದರ ಕಡೆ ಹೆಜ್ಜೆ ಹಾಕಿದವರು, ನಡುದಾರಿಯಲ್ಲಿ ಒಂದು ಹೊರಸಿನ ಹತ್ತಿರ ನಿಂತುಬಿಟ್ಟರು. ಒಬ್ಬ ಮುದುಕ, ಕಣ್ಣು ಗುಳಿಬಿದ್ದು, ನೀರಿಗಾಗಿ ಬರೀ ತುಟಿ ಆಡಿಸುತ್ತಿದ್ದ.

“ಬಂದ್ರೇನು? ಛಲೋ ಆತು, ಹಿಡೀರಿ ಇದನ್ನ” ಎಂದು ಡಾಕ್ಟರಬಾಯಿ ನರಕ್ಕೆ ಏರಿಸುವ ಉಪ್ಪುನೀರಿನ ಬಾಟಲಿಯನ್ನು ವಕೀಲರ ಕೈಗಿತ್ತರು. “ಎತ್ತರಕ್ಕ ಹಿಡೀಬೇಕು.”

ಶೇರವಾನಿ ತೊಟ್ಟ ನಮ್ಮ ವಕೀಲರು ಆ ಬಾಟಲಿ ಎತ್ತಿ ಹಿಡಿದು ನಿಂತವರು ಅಂದು ಊರಿಗೆ ತಿರುಗಲಿಲ್ಲ. ಮರುದಿನವೂ ತಿರುಗಲಿಲ್ಲ. ರಜೆಯ ಬಹುಭಾಗ ಅಲ್ಲೇ ಕಳೆಯಿತು. ನಾನು ನೀರು ಕಾಯಿಸುವುದು, ಬಾವಿಗಳಿಗೆ ಔಷಧಿ ಹಾಕುವುದು. ಅವರು ಬೆಳಿಗ್ಗೆ ಗಾಲಿ, ಉಳಿದ ಹೊತ್ತು ಸ್ಟೀರಿಂಗು. ಮೋಟಾರನ್ನು ಅವರ ಕೈಗೆ ಕೊಟ್ಟು ಡಾಕ್ಟರಬಾಯಿ ಹಿಂದೆ ಕೂತು ಒಂದಿಷ್ಟು ಕಣ್ಣು ಮುಚ್ಚುತ್ತಿದ್ದರು. ಅದೂ ಜಗಳವಿಲ್ಲದೆ ಅಲ್ಲ.

“ವಕೀಲರ, ಆಡು ನಮ್ಮನ್ನ ದಾಟಿ ಹೊಂಟೈತಿ ನೋಡ್ರಿ.”

“ಹೋಗ್ಲಿ ಬಿಡ್ರಿ, ಅದಕ್ಕ ಗಾಲಿ ಇಲ್ಲ.”

ಆ ಗಾಲಿಗಳ ಗತಿ ಕೊನೆಗೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಮಳೆ ಬಿದ್ದು ಬೇನೆ ಇಳಿದ ಮೇಲೆ ಬಾಯಾರು ಉಳಿದವನ್ನು ತೊಳೆದು, ಒರೆಸಿ ವಾಪಸು ಕಳಿಸಿದರು. ಒಂದು ಮಾತ್ರ ಯಾವ ಕೆಲಸಕ್ಕೂ ಬಾರದಂತಾಗಿತ್ತು, ಸವೆದ ಇನ್ನೊಂದರ ಮೇಲೆ ಭರವಸೆ ಇರಲಿಲ್ಲ. ಯುದ್ಧ ಮುಗಿದು ರಬ್ಬರು ಸಿಗುವವರೆಗೆ ವಕೀಲರ ಮೋಟಾರು ಕಲ್ಲಿನ ಮೇಲೆಯೇ ಇತ್ತು. ಹೊಸ ಟಯರು ಬಂದ ದಿನದಿಂದ ಅವರು ಮೊದಲಿನಷ್ಟೇ ಕಾಟ ಕೊಡುವ ಮನುಷ್ಯರಾದರು. ದೊಡ್ಡ ಕೆಲಸ ಮಾಡಿದವರು ಬದಲಾಗಿಬಿಡುತ್ತಾರೆಂದು ಜನ ಹೇಳುವುದುಂಟು. ಇವರು ಒಂದಿಷ್ಟೂ ಬದಲಾಗಲಿಲ್ಲ, ಪುಣ್ಯಕ್ಕೆ.

ಆ ಒಂದು ಗಾಲಿ ಹೋದ ದಿನದ ಕತೆ ಹೀಗೆ. ಹಳ್ಳಿಯೊಂದರಲ್ಲಿ ಒಬ್ಬ ಕುಂಬಾರರ ಹೆಣ್ಣುಮಗಳು, ಹಸುಗೂಸಿನ ತಾಯಿ, ಬೆಳಿಗ್ಗೆಯಿಂದ ವಾಂತಿಯಾಗಿ ನಾಡಿ ಸಿಗದಂತಾಗಿದ್ದಳು. ನಾವು ಒಯ್ದ ಉಪ್ಪುನೀರಿನ ಬಾಟಲಿಗಳೆಲ್ಲ ಅಷ್ಟರಲ್ಲಿ ತೀರಿದ್ದವು. ಇದ್ದುದು ಕುಷ್ಟಗಿಯ ದವಾಖಾನೆಯಲ್ಲಿ. “ಅಲ್ಲಿಂದ ತರೂಮಟ ಇವಳು ಇರೂದಿಲ್ಲ. ಇವಳನ್ನ ಅಲ್ಲಿಗೆ ಒಯ್ಯೂಣು” ಎಂದರು ಬಾಯಾರು. ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಗಂಡ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಮೋಟಾರಿನ ಬಾಗಿಲ ಕೆಳಗಿನ ಪಾವಟಿಗೆಯ ಮೇಲೆ ನಿಂತುಕೊಂಡ. ವಕೀಲರು ಅವನ ತೂಕ ನೋಡಲಿಲ್ಲ. ನಾನು ಮುಂದೆ ಅವರ ಪಕ್ಕ ಕೂತೆ.

ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಹಿಂದೆ ಎಡಗಡೆಯಿಂದ ಹಾವು ಬುಸುಗುಟ್ಟಿದಂಥ ಸದ್ದು. ಮೋಟಾರು ಆ ಕಡೆ ವಾಲಿತು. ಸ್ಟೆಪ್ನಿ ಇರಲಿಲ್ಲ, ಅದನ್ನು ಹಿಂದಿನ ದಿನವೇ ಬಲಗಡೆಯ ಸವೆದ ಗಾಲಿಯ ಬದಲು ಹಾಕಿಯಾಗಿತ್ತು. ತೇಪೆ ಹಚ್ಚುವ ಸಾಮಾನು ಕಾಲಬುಡದಲ್ಲೇ ಇತ್ತು. ಆದರೆ ಗಾಲಿ ಬಿಚ್ಚಿ, ತೂತು ಹುಡುಕಿ, ತೇಪೆ ಒಣಗಿಸಿ, ಗಾಳಿ ಹೊಡೆದು ಮತ್ತೆ ಕೂರಿಸಲು ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಸರ, ಹಿಂದಿನ ಎಡಗಾಲಿ...” ಎಂದೆ.

“ಗೊತ್ತೈತಿ.”

“ನಿಂದ್ರಸೂಣೇನ್ರಿ?”

ಅವರು ಹಿಂದಕ್ಕೆ ತಿರುಗದೆ ಕೇಳಿದರು: “ಬಾಯಾರ, ನಾಡಿ?”

“ಸಿಗವಲ್ದು.”

ಗಾಳಿ ಹೋದ ಗಾಲಿಯ ಮೇಲೆ ಮೋಟಾರನ್ನು ಗೇಣು ದೂರ ತಳ್ಳಿದರೂ ಕೆಂಡ ಕಾರುತ್ತಿದ್ದ ಮನುಷ್ಯ ಅವರು. “ಹೋಗ್ಲಿ ಗಾಲಿ” ಎಂದರು, ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡ ಹಾಗೆ. ಮೋಟಾರಿನ ವೇಗ ಹೆಚ್ಚಿತು. ಅವರು ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮೊದಲು ರಬ್ಬರು ಪಟಪಟ ಬಡಿಯಿತು, ಆಮೇಲೆ ಸುಟ್ಟ ವಾಸನೆ ಎದ್ದಿತು. ಕೊನೆಗೆ ಕಬ್ಬಿಣ ಕಲ್ಲಿಗೆ ಉಜ್ಜುವ ಕರ್ಕಶ ಸದ್ದು. ಕಲ್ಲಿಗೊಮ್ಮೆ ಅವರ ಮುಖ ಹಲ್ಲುನೋವಿದ್ದವರ ಹಾಗೆ ಕಿವುಚಿಕೊಳ್ಳುತ್ತಿತ್ತು. ಕಾಲು ಮಾತ್ರ ಸಡಿಲಿಸಲಿಲ್ಲ. ಪಾವಟಿಗೆಯ ಮೇಲೆ ನಿಂತಿದ್ದ ಗಂಡ ಕಿಟಕಿಯೊಳಗೆ ಕೈ ಹಾಕಿ ಹೆಂಡತಿಯ ಕಾಲನ್ನು ಹಿಡಿದುಕೊಂಡಿದ್ದ.

ದವಾಖಾನೆಯ ಮುಂದೆ ನಿಂತಾಗ ಆ ಗಾಲಿಯಲ್ಲಿ ಟಯರು ಎಂದು ಕರೆಯುವಂಥದ್ದು ಏನೂ ಉಳಿದಿರಲಿಲ್ಲ. ವಕೀಲರು ಇಳಿದು ಅದರ ಕಡೆ ನೋಡಲಿಲ್ಲ. ಹೆಣ್ಣುಮಗಳನ್ನು ನಾವು ಮೂವರು ಗಂಡಸರು ಎತ್ತಿ ಒಳಗೆ ಒಯ್ದೆವು. ಬಾಯಾರು ಬಾಗಿಲು ಹಾಕಿಕೊಂಡರು. ಗಂಡ ಹೊಸ್ತಿಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. ವಕೀಲರು ಅವನ ಹೆಗಲ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದು, ಆಮೇಲೆ ಎಲ್ಲಿಗೋ ಸರಿದುಹೋದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರಬಾಯಿಯ ಕೈಯಲ್ಲಿ ಚಹಾದ ಕಪ್ಪಿತ್ತು.

“ಉಳದಾಳ. ನೀರು ಕೇಳಿ ಕುಡದಾಳ, ನನ್ನ ಕೂಸೆಲ್ಲಿ ಅಂದಾಳ” ಎಂದರು. ಗಂಡ ಅವರ ಕಾಲಿಗೆ ಬಿದ್ದು, ಎದ್ದು, ಒಳಗೆ ಓಡಿದ. “ವಕೀಲರೆಲ್ಲಿ?”

ನಾವಿಬ್ಬರೂ ಹುಡುಕಿಕೊಂಡು ಹೊರಗೆ ಬಂದೆವು. ಮೋಟಾರಿನ ನೆರಳಿನಲ್ಲಿ, ಆ ಹರಿದು ಹೋದ ಗಾಲಿಗೇ ಬೆನ್ನು ಕೊಟ್ಟು, ಕಾಲು ಚಾಚಿ, ಬಾಯಿ ತೆರೆದು ವಕೀಲರು ನಿದ್ದೆ ಹೋಗಿದ್ದರು. ಶೇರವಾನಿಯ ತುಂಬ ಧೂಳು. ಸುದ್ದಿ ಹೇಳೋಣವೆಂದು ನಾನು ಬಗ್ಗಿದೆ. ಬಾಯಾರು ನನ್ನ ತೋಳು ಹಿಡಿದು ತಡೆದರು.

“ಎಬ್ಬಸಬ್ಯಾಡ. ಮಲಕ್ಕೊಳ್ಳಲಿ ಬಿಡು. ಇವತ್ತ ಮೋಟಾರ ಎಲ್ಲಿಗೂ ಹೋಗೂದಿಲ್ಲ.”

ಹಾಗೆಂದು, ತಮಗೆಂದು ತಂದುಕೊಂಡಿದ್ದ ಚಹಾವನ್ನು ಅವರ ಪಕ್ಕದ ಕಲ್ಲಿನ ಮೇಲಿಟ್ಟು, ಬಸಿಯಿಂದ ಮುಚ್ಚಿ, ಒಳಗೆ ಹೋದರು.